ಪ್ಯಾಂಕ್ರಿಯಾಸ್ ಕ್ಯಾನ್ಸರಿನ ನೋವು: ಗಡಿಯಾರ ನೋಡಿ ಮಾತ್ರೆ ಕೊಡಿ

ನಡುರಾತ್ರಿ ಎದ್ದು ಕೂತು, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿರುವುದು ಈ ಕಾಯಿಲೆಯವರಲ್ಲಿ ಸಾಮಾನ್ಯ. ನೋವು ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುತ್ತದೆ, ಅಂಗಾತ ಮಲಗಿದರೆ ಹೆಚ್ಚುತ್ತದೆ. ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ. ಪಕ್ಕದಲ್ಲೇ ಸೀಲಿಯಾಕ್ ಪ್ಲೆಕ್ಸಸ್ ಎಂಬ ನರಗಳ ಗೊಂಚಲಿದೆ. ಗಡ್ಡೆ ನರಗಳ ಗುಂಟವೇ ಹಬ್ಬುವುದರಿಂದ ಬರೀ ಪ್ಯಾರಸಿಟಮಾಲ್ ಹೆಚ್ಚು ದಿನ ಸಾಲದು.

ಆಗ ಬೇಕಾಗುವುದು ಬಲವಾದ ನೋವುನಿವಾರಕ ಮಾರ್ಫಿನ್. ಅದು ಕೊನೆಗಾಲದ ಔಷಧ ಎಂದು ಮನೆಯವರು ತಡೆದು ತಡೆದು ಕೊಡುತ್ತಾರೆ. ಆಗುವ ದೊಡ್ಡ ತಪ್ಪೇ ಅದು. ಕೆರಳಿದ ನೋವನ್ನು ಇಳಿಸಲು ಹೆಚ್ಚು ಔಷಧ ಬೇಕು, ಹೆಚ್ಚು ಹೊತ್ತೂ ಬೇಕು. ಹೊಸದಾಗಿ ಶುರು ಮಾಡುವವರಿಗೆ ವೈದ್ಯರು ಸಾಮಾನ್ಯವಾಗಿ ಬೇಗ ಕೆಲಸ ಮಾಡುವ ಮಾರ್ಫಿನ್ 5 ಮಿ.ಗ್ರಾಂ, 4 ಗಂಟೆಗೊಮ್ಮೆ ಬರೆಯುತ್ತಾರೆ. ವಯಸ್ಸಾದವರಿಗೆ, ತೀರಾ ಸೊರಗಿದವರಿಗೆ 2.5. ನೋವಿಲ್ಲ ಎಂದು ಹೊತ್ತಿನ ಮಾತ್ರೆ ಬಿಡಬೇಡಿ. ನೋವಿಲ್ಲದಿರುವುದು ಆ ಮಾತ್ರೆಯಿಂದಲೇ.

ನಡುವೆ ನೋವು ನುಗ್ಗಿದರೆ ಕೊಡುವ ಹೆಚ್ಚುವರಿ ಡೋಸ್ ದಿನದ ಒಟ್ಟು ಪ್ರಮಾಣದ ಹತ್ತನೇ ಒಂದರಿಂದ ಆರನೇ ಒಂದು ಪಾಲು. ದಿನಕ್ಕೆ 60 ಮಿ.ಗ್ರಾಂ ಆದರೆ 6ರಿಂದ 10. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಪ್ರಮಾಣ, ಮೊದಲು ಮತ್ತು ಒಂದು ಗಂಟೆಯ ನಂತರ ಹತ್ತಕ್ಕೆ ಎಷ್ಟು ನೋವು, ಇಷ್ಟು ಬರೆದಿಡಿ. "ತುಂಬಾ ನೋವು ಡಾಕ್ಟ್ರೇ" ಎಂಬ ಮಾತಿಗಿಂತ ಆ ಪುಟ ನೋಡಿ ಡೋಸ್ ಏರಿಸುವುದು ಸುಲಭ.

ಮಲಬದ್ಧತೆಗೆ ಮೊದಲ ದಿನದಿಂದಲೇ ಬಿಸಾಕೊಡಿಲ್ ಅಥವಾ ಸೆನ್ನಾದಂಥ ಔಷಧ ಕೇಳಿ ಪಡೆಯಿರಿ. ಓಕರಿಕೆ ಕೆಲವು ದಿನಗಳಲ್ಲಿ ತಗ್ಗುತ್ತದೆ, ಮಲಬದ್ಧತೆ ತಗ್ಗುವುದಿಲ್ಲ. ಮೂತ್ರಪಿಂಡ ಸೋತರೆ ಮಾರ್ಫಿನ್ನಿನ ಅಂಶ ಮೈಯಲ್ಲೇ ಉಳಿದು ಕೈಕಾಲು ಇದ್ದಕ್ಕಿದ್ದಂತೆ ಅದುರುತ್ತವೆ, ಮಂಪರು ಕವಿಯುತ್ತದೆ, ಕೂಡಲೇ ತಿಳಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಅದು ತುರ್ತು.

ನುಂಗಲಾಗದವರಿಗೆ ಚರ್ಮಕ್ಕೆ ಅಂಟಿಸುವ ನೋವಿನ ಔಷಧ, ಫೆಂಟನಿಲ್ ಪ್ಯಾಚ್ ಇದೆ. 72 ಗಂಟೆಗೊಮ್ಮೆ ಬದಲಿಸಬೇಕು. ಪೂರ್ತಿ ಹಿಡಿಯಲು 12ರಿಂದ 24 ಗಂಟೆ ಬೇಕಾದ್ದರಿಂದ ಮೊದಲ ದಿನ ಬೇರೆ ಔಷಧದ ಆಸರೆ ಇರಲಿ. ಪ್ಯಾಚಿನ ಮೇಲೆ ಬಿಸಿನೀರಿನ ಚೀಲ ಇಡಲೇಬೇಡಿ: ಶಾಖಕ್ಕೆ ಔಷಧ ಒಮ್ಮೆಲೇ ಒಳನುಗ್ಗುತ್ತದೆ. ಜೋರು ಜ್ವರದಲ್ಲೂ ಹೀಗಾಗಬಹುದು.

ಉರಿ, ಚುಚ್ಚು ಇದ್ದರೆ ನರದ ನೋವಿಗೆ ಕೊಡುವ ಗಾಬಾಪೆಂಟಿನ್ ಅಥವಾ ಪ್ರಿಗಾಬಲಿನ್ ಜೊತೆಗೂಡಿಸುತ್ತಾರೆ.

ನರದ ಬ್ಲಾಕ್ ಬಗ್ಗೆ ಮಾತ್ರ ಬೇಗ ಕೇಳಿ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡುತ್ತ, ಇಲ್ಲವೇ ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಸೀಲಿಯಾಕ್ ನರಗೊಂಚಲಿನ ಸುತ್ತ ಆಲ್ಕೋಹಾಲ್ ಬಿಟ್ಟು ನೋವು ಸಾಗಿಸುವ ನರಗಳನ್ನು ಕೆಡಿಸುತ್ತಾರೆ. ಗಡ್ಡೆ ಆ ಜಾಗವನ್ನೆಲ್ಲ ಆವರಿಸಿಬಿಟ್ಟರೆ ದ್ರವ ಹರಡುವುದೇ ಇಲ್ಲ, ಫಲವೂ ಕಡಿಮೆ. ಪರಿಹಾರ ಶಾಶ್ವತವಲ್ಲ, ವಾರಗಳಿಂದ ಕೆಲವು ತಿಂಗಳು. ಒಂದೆರಡು ದಿನ ಭೇದಿ, ರಕ್ತದೊತ್ತಡ ಇಳಿದು ಎದ್ದಾಗ ತಲೆಸುತ್ತು ಬರುವುದುಂಟು. ಕಾಲಿನ ಬಲ ಹೋಗುವುದು ತೀರಾ ಅಪರೂಪ, ಆದರೂ ಒಪ್ಪಿಗೆಗೆ ಮುಂಚೆ ಕೇಳಿ ತಿಳಿಯಬೇಕು. ನೋವು ಥಟ್ಟನೆ ಇಳಿದಾಗ ಹಳೆಯ ಮಾರ್ಫಿನ್ ಡೋಸೇ ಮಂಪರು ತರಬಹುದು. ಹಾಗೆಂದು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಉಂಡ ಮೇಲೆ ಹೊಟ್ಟೆ ಉಬ್ಬಿ ಹಿಂಡಿದರೆ, ಮಲ ಜಿಡ್ಡಾಗಿ ತೇಲಿದರೆ, ಅದಕ್ಕೆ ಮದ್ದು ಮಾರ್ಫಿನ್ ಅಲ್ಲ, ಕಿಣ್ವದ ಕ್ಯಾಪ್ಸೂಲ್. ಊಟಕ್ಕೆ ಲೈಪೇಸ್ (ಕೊಬ್ಬು ಅರಗಿಸುವ ಕಿಣ್ವ) 40,000ದಿಂದ 50,000 ಯೂನಿಟ್, ನಡುವಿನ ಕುರುಕಲು ತಿಂಡಿಗೆ ಅದರರ್ಧ. ಮೊದಲ ತುತ್ತಿನ ಜೊತೆ ನುಂಗಬೇಕು. ಊಟ ಮುಗಿಸಿ ನುಂಗಿದರೆ ಅನ್ನಕ್ಕೂ ಕಿಣ್ವಕ್ಕೂ ಭೇಟಿಯೇ ಆಗುವುದಿಲ್ಲ. ಒಳಗಿನ ಕಾಳುಗಳನ್ನು ಅಗಿಯಬಾರದು, ಪುಡಿ ಮಾಡಬಾರದು.

ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿ ಕಂಡರೆ ಪಿತ್ತನಾಳ ತೆರೆದಿಡಲು ಹಾಕಿದ ಕೊಳವೆ (ಸ್ಟೆಂಟ್) ಕಟ್ಟಿಕೊಂಡಿರಬಹುದು. ಆಗ ಮಾರ್ಫಿನ್ ಏರಿಸಿಕೊಂಡು ಮನೆಯಲ್ಲಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.