ಗೊಂಬೆಯ ಮುಂದೆ ತಡವರಿಸಿದ ಕೈ

ಇಂದು ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ, ರೋಗಿಯ ಬದಲು ಗೊಂಬೆಯೊಂದನ್ನು ಮಲಗಿಸಿ, ಹೃದಯಸ್ತಂಭನದ ಅಣಕು ತರಬೇತಿ ನಡೆಸಿದೆವು. ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತಬೇಕು, ದಣಿದ ಕೈಯ ಒತ್ತಡ ಅರಿವಿಲ್ಲದೆಯೇ ತಗ್ಗುವುದರಿಂದ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂಬುದೆಲ್ಲ ತಂಡವನ್ನು ಮುನ್ನಡೆಸುತ್ತಿದ್ದ ಹುಡುಗಿಗೆ ಬಾಯಿಪಾಠವಾಗಿತ್ತು. ಆದರೂ ಅವಳು ಯಾರ ಹೆಸರನ್ನೂ ಹಿಡಿಯದೆ, ನಿಂತ ಹೃದಯವನ್ನು ಮತ್ತೆ ಬಡಿಯಿಸಲು ನೆರವಾಗುವ ಚುಚ್ಚುಮದ್ದಿಗಾಗಿ “ಅಡ್ರಿನಾಲಿನ್ ಕೊಡ್ರಿ” ಎಂದು ಕೂಗಿದಾಗ, ಸುತ್ತ ನಿಂತಿದ್ದ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರೇ ಹೊರತು ಯಾರೊಬ್ಬರ ಕೈಯೂ ಸಿರಿಂಜಿನತ್ತ ಹೋಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವಳು ಹೆಸರು ಹಿಡಿದು ಹೇಳಿದಳು. ನರ್ಸ್ ಅಕ್ಕ ಅದನ್ನೇ ಗಟ್ಟಿಯಾಗಿ ಮರುನುಡಿದು, ಚುಚ್ಚಿದ ಮೇಲೆ “1 ಮಿಲಿಗ್ರಾಂ ಕೊಟ್ಟೀನ್ರಿ ಡಾಕ್ಟ್ರ” ಎಂದು ತಿಳಿಸಿದರು. ಇಷ್ಟು ಸಣ್ಣ ಅಭ್ಯಾಸವನ್ನು ನನ್ನ ಕಾಲದಲ್ಲಿ ನಾವು ನಿಜವಾದ ರೋಗಿಯ ಮಂಚದ ಪಕ್ಕದಲ್ಲೇ ಕಲಿಯಬೇಕಾಗಿತ್ತಲ್ಲ ಎಂದು ನೆನೆದಾಗ ಮನಸ್ಸು ಭಾರವಾಯಿತು. ಗದಗ, ಹಾವೇರಿಗಳ ಕಡೆಯಿಂದ ನಡುರಾತ್ರಿ ಆಂಬುಲೆನ್ಸ್ ಬಂದು ನಿಂತಾಗ ರೋಗಿಯ ಬಳಿಗೆ ಮೊದಲು ಓಡುವವರು ಹೆಚ್ಚಾಗಿ ಈ ಮಕ್ಕಳೇ.

ಸಂಜೆ ಎಲ್ಲರೂ ಹೊರಟ ಮೇಲೆ ಆ ಹುಡುಗಿ ಬಂದು, ಇನ್ನೊಂದು ಸುತ್ತು ಮಾಡಿಸುವಿರಾ ಎಂದು ಕೇಳಿದಳು. ಗೊಂಬೆಯನ್ನು ಮತ್ತೆ ಮಂಚಕ್ಕೆ ಏರಿಸಿದೆವು.