ಕಾಲರಿನ ಕೆಂಧೂಳು

ನಿನ್ನೆ ಸಂಡೂರಿನಿಂದ ಬರುವಾಗ ಅದಿರು ಲಾರಿಗಳ ಹಿಂದೆ ಅರ್ಧ ಗಂಟೆ ಸಿಕ್ಕಿಹಾಕಿಕೊಂಡೆವು. ಡೀಸೆಲ್ ಹೊಗೆ, ಕೆಂಧೂಳು. ಮಗಳ ಬಿಳಿ ಕಾಲರ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಕೋಲಾರದ ಚಿನ್ನದ ಗಣಿ ನೆನಪಾಯಿತು. ಉಗಿಯಂತ್ರಗಳನ್ನು ನಂಬಿಕೊಂಡಿದ್ದ ಆ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಜಲವಿದ್ಯುತ್ ಕೊಟ್ಟರು. ದುಡ್ಡು ಹಾಕಿದ್ದು ಮೈಸೂರು ಸರ್ಕಾರ. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಸಾಹಸವೇ ಸರಿ! ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಮಾತ್ರ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡರು.

ಈಗ ಬ್ಯಾಟರಿ ಲಾರಿಗೆ, ಗಣಿಯ ಸೋಲಾರಿಗೆ ಅದೇ ಧೈರ್ಯದಿಂದ ದುಡ್ಡು ಹಾಕಬೇಕು. ಗಣಿ ಕಂಪನಿಗಳೂ ಹಾಕಬೇಕು, ಸರ್ಕಾರವೂ ಹಾಕಬೇಕು.

ರಾತ್ರಿ ನೆನೆಹಾಕಿದ ಯೂನಿಫಾರಂ ಮೂರು ಸಲ ಜಾಲಿಸಿದೆ. ನೀರು ಇನ್ನೂ ಕೆಂಪಗೇ ಬರುತ್ತಿದೆ.