ಮೂರನೇ ಬಿಂದು ಪರದೆಯ ಆಚೆ ಇತ್ತು

ವಾರಕ್ಕೆ ಎರಡು ಪೀರಿಯಡ್ ಪ್ರೊಜೆಕ್ಟರ್ ಬಳಸಲೇಬೇಕು ಅಂತ ಸರ್ಕ್ಯುಲರ್ ಬಂದಿತ್ತು. ಯಾವ ಪಾಠಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಪಾಠ ಮಾಡುವವರನ್ನು ಯಾರೂ ಕೇಳಿರಲಿಲ್ಲ. ಆ ದಿನ ಮುಖ್ಯೋಪಾಧ್ಯಾಯರು ಅಬ್ಸರ್ವೇಷನ್ ಶೀಟ್ ಹಿಡಿದು ಕೊನೇ ಬೆಂಚಿನಲ್ಲಿ ಕೂತಿದ್ದರು.

ಗಣಿತದ ನಕ್ಷೆ ಬಿಡಿಸುವ ಆ್ಯಪ್ ಡೆಸ್ಮೋಸ್‌ನಲ್ಲಿ ಎರಡು ನಕ್ಷೆ ಹಾಕಿದೆ. ಒಂದು ಎಕ್ಸ್‌ನ ವರ್ಗ, ಇನ್ನೊಂದು 2ರ ಘಾತ ಎಕ್ಸ್. ಎಷ್ಟು ಕಡೆ ಸೇರುತ್ತವೆ? "ಎರಡು ಕಡೆ ಮೇಡಂ!" ಎಡಗಡೆ ಮೈನಸ್ 0.77ರ ಹತ್ತಿರ ಒಂದು, ಬಲಗಡೆ 2ರಲ್ಲಿ ಒಂದು. ಕಣ್ಣಿಗೆ ಕಾಣುತ್ತಿತ್ತಲ್ಲ, ನಾನೂ ಹೌದು ಅಂದೆ.

ಮೂರನೇ ಸಾಲಿನ ಹುಡುಗಿ ಕೈ ಎತ್ತಿದಳು. "ಮೇಡಂ, 4 ಕೂಡ ಆಗುತ್ತೆ ಅಲ್ವಾ?"

"ಎಲ್ಲಿದೆ ತೋರಿಸಮ್ಮ ಪರದೆ ಮೇಲೆ," ಅಂದುಬಿಟ್ಟೆ. ಕೆಲವರು ನಕ್ಕರು. ಅವಳು ತಲೆ ತಗ್ಗಿಸಿದಳು. ನಾನು ಮುಂದಿನ ಲೆಕ್ಕಕ್ಕೆ ಹೋದೆ.

ಐದು ನಿಮಿಷ ಕಳೆದು ಸಾಲುಗಳ ಮಧ್ಯೆ ಓಡಾಡುವಾಗ ಅವಳ ನೋಟ್‌ಬುಕ್ ಕಂಡಿತು. 4ರ ವರ್ಗ 16. 2ರ ಘಾತ 4, ಅದೂ 16. ಎರಡು 16ರ ಕೆಳಗೂ ಪೆನ್ಸಿಲ್ ಗೆರೆ, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ನನ್ನ ಪರದೆಯಲ್ಲಿ ವೈ ಅಕ್ಷ 10ರ ಹತ್ತಿರವೇ ಮುಗಿದಿತ್ತು. 16 ಎಲ್ಲಿಂದ ಕಾಣಬೇಕು?

ಶೀಟ್ ಹಿಡಿದವರ ಎದುರು ತಪ್ಪು ಒಪ್ಪಿಕೊಳ್ಳಬೇಕಲ್ಲ ಅಂತ ಇನ್ನೂ ಒಂದು ಲೆಕ್ಕ ಮುಗಿಸುವವರೆಗೆ ಸುಮ್ಮನಿದ್ದೆ. ತಪ್ಪು ಹೇಳಿದ್ದಕ್ಕಿಂತ ಆ ಸುಮ್ಮನಿದ್ದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಅವಳ ಹೆಸರು ಹಿಡಿದು, ನೀನು ಹೇಳಿದ್ದೇ ಸರಿ, ನಾನೇ ತಪ್ಪಿದೆ ಅಂದೆ. ಝೂಮ್ ಔಟ್ ಮಾಡಿದರೂ ಸುಲಭಕ್ಕೆ ಕಾಣಲಿಲ್ಲ. 3ರಲ್ಲಿ ಒಂದು 9, ಇನ್ನೊಂದು 8. ಅಷ್ಟು ದೂರದಿಂದ ನೋಡಿದರೆ 2ರಿಂದ 4ರವರೆಗೆ ಎರಡು ಗೆರೆ ಒಂದೇ ಗೆರೆಯ ಹಾಗೆ ಅಂಟಿಕೊಂಡಿದ್ದವು.

ಈಗ ಮೊದಲು ಬೆಲೆಗಳ ಪಟ್ಟಿ, ಪೆನ್ಸಿಲ್ ನಕ್ಷೆ, ಆಮೇಲಷ್ಟೇ ಆ್ಯಪ್. ಎರಡು ಅಕ್ಷಗಳೂ ಎಲ್ಲಿಂದ ಎಲ್ಲಿಯವರೆಗೆ ಇವೆ ಅಂತ ಮಕ್ಕಳೇ ಜೋರಾಗಿ ಓದಿ ಹೇಳಬೇಕು. ಸೈನ್ ನಕ್ಷೆಯನ್ನು ಡಿಗ್ರಿಯಲ್ಲಿಟ್ಟು ಮೈನಸ್ 10ರಿಂದ 10ರವರೆಗೆ ನೋಡಿದರೆ ಅಲೆಯೇ ಇಲ್ಲ, ಹೆಚ್ಚುಕಡಿಮೆ ನೇರ ಗೆರೆ. ಅದನ್ನೂ ಬೇಕಂತಲೇ ತೋರಿಸುತ್ತೇನೆ. ಸ್ಲೈಡರ್ ಎಳೆದಾಗ ಪರವಲಯ ಅಗಲವಾಗುವುದನ್ನು ಯಾವ ಬೋರ್ಡೂ ತೋರಿಸಲಾರದು, ಆ್ಯಪ್ ಬಿಡುವ ಮಾತೇ ಇಲ್ಲ.

ಮರುದಿನ ಅದೇ ಹುಡುಗಿ ಕೇಳಿದಳು: "ಇನ್ನೂ ಝೂಮ್ ಔಟ್ ಮಾಡಿದ್ರೆ ನಾಲ್ಕನೇದು ಸಿಗಬಹುದಾ ಮೇಡಂ?" ಪ್ರೊಜೆಕ್ಟರ್ ಹಾಕಲಿಲ್ಲ, ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. 5ಕ್ಕೆ 25 ಮತ್ತು 32, 6ಕ್ಕೆ 36 ಮತ್ತು 64 ಅಂತ ಬರೆಯುತ್ತಾ ಹೋದವಳು ನಿಂತು ಹೇಳಿದಳು: "ಇದು ಪ್ರತಿ ಸಲ ಎರಡರಷ್ಟಾಗುತ್ತೆ, ಅದು ಆಗಲ್ಲ. ಇನ್ನು ಹಿಡಿಯೋಕಾಗಲ್ಲ ಮೇಡಂ."